ಒಂದೇ ಆಕಾಶಕ್ಕೆ ಎರಡು ಗುಮ್ಮಟ

ಬೆನಿಫಿಟ್ ಸ್ಟ್ರೀಟ್, ಬೆನೆವೊಲೆಂಟ್ ಸ್ಟ್ರೀಟ್, ಹೋಪ್ ಸ್ಟ್ರೀಟ್. ಉಪಕಾರ, ದಯೆ, ಭರವಸೆ. ಅಮೆರಿಕದ ರೋಡ್ ಐಲೆಂಡ್ ರಾಜ್ಯದ ರಾಜಧಾನಿ ಪ್ರಾವಿಡೆನ್ಸ್‌ನ ಬೀದಿಗಳ ಹೆಸರಿವು. ಊರಿನ ಹೆಸರಿಗೂ ದೈವಕೃಪೆ ಅಂತಲೇ ಅರ್ಥ. ರೋಜರ್ ವಿಲಿಯಮ್ಸ್ ಎಂಬ ಪಾದ್ರಿ ತನ್ನ ಅಭಿಪ್ರಾಯಗಳಿಗಾಗಿ ಮ್ಯಾಸಚೂಸೆಟ್ಸ್‌ನಿಂದ ಗಡೀಪಾರಾಗಿ, 1636ರಲ್ಲಿ ಇಲ್ಲಿಗೆ ಬಂದು ನೆಲೆನಿಂತ. ಈ ನೆಲದ ನರಗಾನ್ಸೆಟ್ ಜನ ಅವನಿಗೆ ಜಾಗ ಕೊಟ್ಟರು. ಹೊರಹಾಕಿಸಿಕೊಂಡವನೊಬ್ಬ ಕಟ್ಟಿದ ಊರು ಇದು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಇಷ್ಟು ಒಳ್ಳೊಳ್ಳೆ ಹೆಸರುಗಳ ನಡುವೆ 1890ರ ಆಗಸ್ಟ್ 20ರಂದು ಹುಟ್ಟಿದವನು ಹೋವರ್ಡ್ ಫಿಲಿಪ್ಸ್ ಲವ್‌ಕ್ರಾಫ್ಟ್. ‘ಕಾಸ್ಮಿಕ್ ಹಾರರ್’ ಅಂತ ಇವತ್ತು ನಾವು ಕರೆಯುವ ಕಥಾಪ್ರಕಾರಕ್ಕೆ ಹೆಚ್ಚುಕಡಿಮೆ ಇವನೇ ಮೂಲಪುರುಷ. ನಾನು ಬಾಸ್ಟನ್‌ನಲ್ಲಿ ಕೆಲಸ ಮಾಡುವುದರಿಂದ ಪ್ರಾವಿಡೆನ್ಸ್ ದೂರವೇನಲ್ಲ. ಸೌತ್ ಸ್ಟೇಷನ್‌ನಲ್ಲಿ ಲೋಕಲ್ ಟ್ರೇನ್ ಹತ್ತಿದರೆ ಒಂದು ಗಂಟೆ ಚಿಲ್ಲರೆ. ಅಕ್ಟೋಬರ್‌ನ ಒಂದು ಶನಿವಾರ ಟ್ರೇನಿನಲ್ಲಿ ಕೂತು ಅಮ್ಮನಿಗೆ ಫೋನ್ ಮಾಡಿದೆ. ‘ಎಲ್ಲಿಗೆ ಹೊರಟೆ?’ ಅಂದಳು. ‘ಒಬ್ಬ ಕಥೆಗಾರನ ಗೋರಿ ನೋಡೋಕೆ’ ಅಂದೆ. ‘ಅಲ್ಲ ಕಣೇ, ವಾರಕ್ಕೆರಡು ದಿನ ರಜೆ ಸಿಗುತ್ತೆ, ಅದರಲ್ಲೂ ಸ್ಮಶಾನಕ್ಕೆ ಹೋಗ್ತೀಯಾ? ಅದೂ ಒಬ್ಬಳೇ?’

ಆ ‘ಒಬ್ಬಳೇ’ ಅನ್ನುವ ಮಾತು ಆಗ ನನ್ನ ಗಮನಕ್ಕೆ ಬರಲಿಲ್ಲ.

ದೆವ್ವವಿಲ್ಲದ ಭಯ

ನಮ್ಮ ಕಡೆಯ ದೆವ್ವದ ಕಥೆಗಳಲ್ಲಿ ದೆವ್ವಕ್ಕೆ ನಮ್ಮ ಮೇಲೆ ಏನೋ ಸಿಟ್ಟಿರುತ್ತದೆ, ಇಲ್ಲವೇ ಆಸೆಯಿರುತ್ತದೆ. ಹುಣಸೆಮರದ ದೆವ್ವಕ್ಕೂ ಒಂದು ಹಿನ್ನೆಲೆ ಇದೆ, ಅದನ್ನು ಬಿಡಿಸುವವರೂ ಇದ್ದಾರೆ. ಲವ್‌ಕ್ರಾಫ್ಟ್‌ನ ಲೋಕದಲ್ಲಿ ಅದಕ್ಕಿಂತ ಕೆಟ್ಟದ್ದಿದೆ: ಬ್ರಹ್ಮಾಂಡಕ್ಕೆ ನಮ್ಮ ಮೇಲೆ ಸಿಟ್ಟೂ ಇಲ್ಲ, ನಾವಿದ್ದೇವೆ ಅಂತ ಗೊತ್ತೂ ಇಲ್ಲ. ನಡೆಯುವವನ ಕಾಲಡಿಯ ಇರುವೆಯ ಮೇಲೆ ಅವನಿಗೇನು ದ್ವೇಷವೇ? ಆ ಇರುವೆ ತಲೆಯೆತ್ತಿ ಮೇಲೆ ನೋಡಿದ ಕ್ಷಣ ಇದೆಯಲ್ಲ, ಅದು ಕಾಸ್ಮಿಕ್ ಹಾರರ್.

ಸ್ಟೇಷನ್‌ನಿಂದ ಕಾಲುವೆ ದಾಟಿ ಕಾಲೇಜ್ ಹಿಲ್ ಏರಲು ಶುರುಮಾಡಿದರೆ ಥಾಮಸ್ ಸ್ಟ್ರೀಟ್‌ನಲ್ಲಿ 7ನೇ ನಂಬರಿನ ಕಟ್ಟಡ ಸಿಗುತ್ತದೆ. 1885ರ ಫ್ಲರ್-ಡಿ-ಲಿಸ್ ಸ್ಟುಡಿಯೋ. ಸುತ್ತಲಿನ ಸರಳ ಮನೆಗಳ ನಡುವೆ ಅಲಂಕಾರ ಜಾಸ್ತಿಯಾದ ಮದುಮಗಳಂತೆ ನಿಂತಿದೆ. ‘ದಿ ಕಾಲ್ ಆಫ್ ಕ್ತುಲು’ ಕಥೆಯಲ್ಲಿ ಕೆಟ್ಟ ಕನಸು ಕಂಡು, ಕಂಡದ್ದನ್ನು ಮಣ್ಣಿನಲ್ಲಿ ಕೆತ್ತುವ ಯುವ ಕಲಾವಿದ ವಾಸಿಸುವುದು ಇಲ್ಲೇ. ಲವ್‌ಕ್ರಾಫ್ಟ್ ಆ ಕಥೆಯನ್ನು 1926ರಲ್ಲಿ, ಇದೇ ಗುಡ್ಡದ ಮೇಲಿನ ಬಾರ್ನ್ಸ್ ಸ್ಟ್ರೀಟ್‌ನ 10ನೇ ಮನೆಯಲ್ಲಿದ್ದಾಗ ಬರೆದ. 1928ರಲ್ಲಿ ‘ವಿಯರ್ಡ್ ಟೇಲ್ಸ್’ ಎಂಬ ಅಗ್ಗದ ಪತ್ರಿಕೆಯಲ್ಲಿ ಅದು ಅಚ್ಚಾಯಿತು. ಕಥೆಯ ರಾಕ್ಷಸ ಪೆಸಿಫಿಕ್ ಸಾಗರದ ತಳದಲ್ಲಿ ಮಲಗಿದ್ದಾನೆ. ಅವನ ಕನಸು ಬಂದು ಬಡಿದದ್ದು ಮಾತ್ರ ನಾನು ಎದುರಿಗೆ ನಿಂತಿದ್ದ ಈ ವಿಳಾಸಕ್ಕೆ. ಓದುಗರು ಇವತ್ತಿಗೂ ಈ ಊರಿನಲ್ಲಿ ನಕ್ಷೆ ಹಿಡಿದು ಸುತ್ತುವುದು ಇದಕ್ಕೇ. ಭಯ ಎಷ್ಟೇ ದೊಡ್ಡದಿರಲಿ, ಅದಕ್ಕೊಂದು ಮನೆ ನಂಬರ್ ಇರುತ್ತದೆ.

ದೂರದರ್ಶಕ ಮತ್ತು ಆಸ್ಪತ್ರೆ

ಗುಡ್ಡದ ಮೇಲಿನಿಂದ ಉತ್ತರಕ್ಕೆ, ಹೋಪ್ ಸ್ಟ್ರೀಟ್‌ನಲ್ಲೇ ಬ್ರೌನ್ ವಿಶ್ವವಿದ್ಯಾಲಯದ ಲ್ಯಾಡ್ ವೀಕ್ಷಣಾಲಯವಿದೆ. 1891ರ ಕಟ್ಟಡ, ಪುಟ್ಟ ಗುಮ್ಮಟ, ಒಳಗೆ 12 ಇಂಚಿನ ದೂರದರ್ಶಕ. ಅದರ ನಿರ್ದೇಶಕರಾಗಿದ್ದ ವಿನ್ಸ್ಲೋ ಅಪ್ಟನ್ ಅವರು ಲವ್‌ಕ್ರಾಫ್ಟ್ ಮನೆಯವರಿಗೆ ಪರಿಚಯಸ್ಥರು. ಹಾಗಾಗಿ ಹುಡುಗನಿಗೆ ಇಲ್ಲಿ ಮುಕ್ತ ಪ್ರವೇಶ. ಸೈಕಲ್ ತುಳಿದು ಗುಡ್ಡ ಹತ್ತಿ ಬಂದು ರಾತ್ರಿಗಟ್ಟಲೆ ಆಕಾಶ ನೋಡುತ್ತಿದ್ದ. ಹದಿನಾರರ ವಯಸ್ಸಿಗೇ ಸ್ಥಳೀಯ ಪತ್ರಿಕೆಗಳಿಗೆ ಖಗೋಳದ ಅಂಕಣ ಬರೆಯತೊಡಗಿದ್ದ. ಖಗೋಳ ವಿಜ್ಞಾನಿ ಆಗಬೇಕೆಂಬುದೇ ಅವನ ಆಸೆ. ಗಣಿತ ಕೈಹಿಡಿಯಲಿಲ್ಲ, 1908ರಲ್ಲಿ ಮನಸ್ಸು ಕುಸಿದು, ಹೈಸ್ಕೂಲ್ ಮುಗಿಸದೆಯೇ ಮನೆಯೊಳಗೆ ಸೇರಿಕೊಂಡ.

ಅಲ್ಲಿಂದ ಕ್ಯಾಬ್ ಹಿಡಿದು ಸ್ವಾನ್ ಪಾಯಿಂಟ್ ಸ್ಮಶಾನಕ್ಕೆ ಹೋದೆ. ಉದ್ಯಾನದಂಥ ಜಾಗ, ಕೆಂಪು-ಹಳದಿ ಮೇಪಲ್ ಎಲೆಗಳು ಗೋರಿಗಳ ಮೇಲೆಲ್ಲ. ಲವ್‌ಕ್ರಾಫ್ಟ್ 1937ರಲ್ಲಿ, 46ನೇ ವಯಸ್ಸಿಗೆ, ಕರುಳಿನ ಕ್ಯಾನ್ಸರಿನಿಂದ ತೀರಿಕೊಂಡಾಗ ಅವನದೇ ಕಲ್ಲು ಇಡಲೂ ಯಾರಿಗೂ ಆಗಲಿಲ್ಲ. 1977ರಲ್ಲಿ ಅಭಿಮಾನಿಗಳೇ ಹಣ ಹಾಕಿ ಒಂದು ಚಿಕ್ಕ ಕಲ್ಲು ನೆಟ್ಟರು. ತಾನೂ ಈ ಊರೂ ಬೇರೆಯಲ್ಲ ಎಂಬರ್ಥದ, ಅವನದೇ ಪತ್ರದ ಮೂರು ಪದ ಅದರ ಮೇಲಿದೆ. ನಾನು ಹೋದಾಗ ಕಲ್ಲಿನ ತಲೆಯ ಮೇಲೆ ನಾಣ್ಯಗಳು, ಎರಡು ಪೆನ್ನು, ಒಂದು ಹಸಿರು ಪ್ಲಾಸ್ಟಿಕ್ ಆಕ್ಟೋಪಸ್ ಇದ್ದವು.

ಸ್ಮಶಾನದ ಪಕ್ಕದಲ್ಲೇ ಬಟ್ಲರ್ ಆಸ್ಪತ್ರೆ. ಮಾನಸಿಕ ಆಸ್ಪತ್ರೆ. ಲವ್‌ಕ್ರಾಫ್ಟ್‌ಗೆ ಮೂರು ವರ್ಷವಾಗುವ ಮೊದಲೇ, 1893ರಲ್ಲಿ, ಅಪ್ಪನನ್ನು ಇಲ್ಲಿಗೆ ಸೇರಿಸಿದರು. 1898ರಲ್ಲಿ ಇಲ್ಲೇ ತೀರಿಕೊಂಡರು. 1919ರಲ್ಲಿ ಅಮ್ಮನೂ ಇದೇ ಆಸ್ಪತ್ರೆ ಸೇರಿದರು, 1921ರಲ್ಲಿ ಇಲ್ಲೇ ಕೊನೆಯುಸಿರೆಳೆದರು. ಅವನ ಕಥೆಗಳಲ್ಲಿ ಸತ್ಯವನ್ನು ಕಂಡವರು ಒಬ್ಬೊಬ್ಬರಾಗಿ ಬುದ್ಧಿ ಕಳೆದುಕೊಳ್ಳುತ್ತಾರೆ. ಓದುವಾಗ ಅದು ಹೆದರಿಸುವ ಒಂದು ಉಪಾಯ ಅಂತ ಅಂದುಕೊಂಡಿದ್ದೆ. ಆ ಕಾಂಪೌಂಡ್ ಗೋಡೆಯ ಬದಿಯಲ್ಲಿ ನಡೆಯುವಾಗ ಹಾಗನ್ನಿಸಲಿಲ್ಲ. ಎತ್ತಿ ನೋಡಿದರೆ ಮುಗಿಯದ ಆಕಾಶ, ಪಕ್ಕಕ್ಕೆ ನೋಡಿದರೆ ಅಪ್ಪ-ಅಮ್ಮನನ್ನು ನುಂಗಿದ ಗೇಟು. ಇವೆರಡರ ನಡುವೆ ಬೆಳೆದ ಹುಡುಗನಿಗೆ, ಹೆಚ್ಚು ತಿಳಿಯುವುದಕ್ಕೂ ತಲೆ ಕೆಡುವುದಕ್ಕೂ ನಡುವೆ ಗೋಡೆ ತೆಳುವಾಗಿ ಕಂಡಿದ್ದರೆ ಏನಾಶ್ಚರ್ಯ?

ಬೆನೆವೊಲೆಂಟ್ ಸ್ಟ್ರೀಟ್‌ನ ಯಂತ್ರ

ಮರಳಿ ಗುಡ್ಡಕ್ಕೆ ಬಂದು ಬೆನೆವೊಲೆಂಟ್ ಸ್ಟ್ರೀಟ್ ಹುಡುಕಿದೆ. 1920ರಲ್ಲಿ ಲವ್‌ಕ್ರಾಫ್ಟ್ ಬರೆದ ‘ಫ್ರಮ್ ಬಿಯಾಂಡ್’ ಎಂಬ ಪುಟ್ಟ ಕಥೆ ನಡೆಯುವುದು ಈ ಬೀದಿಯ ಒಂದು ಹಳೇ ಮನೆಯಲ್ಲಿ. ಅಲ್ಲೊಬ್ಬ ವಿಜ್ಞಾನಿ ಯಂತ್ರ ಮಾಡಿದ್ದಾನೆ. ಅದು ಚಾಲೂ ಆದರೆ ಮಿದುಳಿನೊಳಗಿನ ಪೀನಿಯಲ್ ಗ್ರಂಥಿ ಎಚ್ಚರವಾಗುತ್ತದೆ. ಆಗ ನಮ್ಮ ಐದು ಇಂದ್ರಿಯಗಳಿಗೆ ನಿಲುಕದ್ದೆಲ್ಲ ಕಾಣತೊಡಗುತ್ತದೆ: ಹೆಸರಿಲ್ಲದ ಬಣ್ಣಗಳು, ಗೋಡೆಯ ಮೂಲಕ ತೇಲಿ ಹೋಗುವ ಜೀವಿಗಳು. ಅವು ಯಾವಾಗಲೂ ಇಲ್ಲೇ ಇದ್ದವು, ನಮಗೆ ಕಾಣುತ್ತಿರಲಿಲ್ಲ ಅಷ್ಟೆ. ತೊಂದರೆ ಏನೆಂದರೆ, ನಮಗೆ ಅವು ಕಂಡರೆ ಅವಕ್ಕೂ ನಾವು ಕಾಣುತ್ತೇವೆ.

ಪೀನಿಯಲ್ ಗ್ರಂಥಿ ಅಂದ ತಕ್ಷಣ ನಮಗೆ ನೆನಪಾಗುವುದು ಮೂರನೇ ಕಣ್ಣು, ಅಲ್ವಾ? ಈ ಕಥೆಯ ಅರ್ಧ ಭಾಗವನ್ನಷ್ಟೇ ಯಾರಿಗಾದರೂ ಹೇಳಿ: ಒಳಗಿನ ಕಣ್ಣು ತೆರೆಯಿತು, ಲೋಕ ಬಣ್ಣವಾಯಿತು, ತನ್ನ ಗಡಿ ಕರಗಿತು. ಇದೇನು ಹಾರರ್ ಕಥೆಯೋ, ಧ್ಯಾನದ ಅನುಭವವೋ? ಹೇಳಲಾಗದು. ಅಮೆರಿಕದ ಇನ್ನೊಂದು ತೀರದಲ್ಲಿ, ಮೂರ್ನಾಲ್ಕು ದಶಕ ಕಳೆದು, ಕೆಲವರು ಇದೇ ಯಂತ್ರವನ್ನು ಕಟ್ಟಲು ಕೂತರು. ಅವರು ಅದರಿಂದ ಆನಂದ ಬಯಸಿದರು.

ಚೌಕಟ್ಟಿಲ್ಲದ ಸಿನಿಮಾ

ಮರುವರ್ಷ ಆಫೀಸ್ ಕೆಲಸದ ಮೇಲೆ ಒಂದು ವಾರ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಬೇಕಾಯಿತು. ಗುರುವಾರ ಬೇಗ ಲ್ಯಾಪ್‌ಟಾಪ್ ಮುಚ್ಚಿ ಗೋಲ್ಡನ್ ಗೇಟ್ ಪಾರ್ಕ್‌ಗೆ ಹೋದೆ. ಅಲ್ಲಿನ ಕ್ಯಾಲಿಫೋರ್ನಿಯಾ ಅಕಾಡೆಮಿ ಆಫ್ ಸೈನ್ಸಸ್‌ನೊಳಗೆ ಮಾರಿಸನ್ ತಾರಾಲಯವಿದೆ. ಬೆಂಗಳೂರಿನ ನೆಹರೂ ತಾರಾಲಯ ನೋಡಿದವರಿಗೆ ಗುಮ್ಮಟದ ಕಲ್ಪನೆ ಇದ್ದೇ ಇರುತ್ತದೆ. ಇಲ್ಲಿನ ಮೊದಲ ಗುಮ್ಮಟ 1952ರದ್ದು; ನಕ್ಷತ್ರ ತೋರಿಸುವ ಪ್ರೊಜೆಕ್ಟರನ್ನು ಅಕಾಡೆಮಿಯ ಸಿಬ್ಬಂದಿಯೇ ಕೈಯಾರೆ ಮಾಡಿದ್ದರು. ಆ ಕಟ್ಟಡ ಈಗಿಲ್ಲ. ಅದೇ ಜಾಗದಲ್ಲಿ ವಾಸ್ತುಶಿಲ್ಪಿ ರೆಂಜೊ ಪಿಯಾನೊ ರೂಪಿಸಿದ, ಚಾವಣಿ ಮೇಲೆ ಹುಲ್ಲು-ಹೂ ಬೆಳೆದಿರುವ ಹೊಸ ಕಟ್ಟಡ 2008ರಲ್ಲಿ ತೆರೆಯಿತು.

1957ರಿಂದ 1959ರವರೆಗೆ ಆ ಹಳೇ ಗುಮ್ಮಟದ ಕೆಳಗೆ ‘ವೋರ್ಟೆಕ್ಸ್’ ಎಂಬ ಕಾರ್ಯಕ್ರಮಗಳು ನಡೆದವು. ರೇಡಿಯೋದಲ್ಲಿ ಕೆಲಸ ಮಾಡುತ್ತಿದ್ದ ಹೆನ್ರಿ ಜೇಕಬ್ಸ್ ಧ್ವನಿ ನೋಡಿಕೊಂಡ, ಚಿತ್ರ ಕಲಾವಿದ ಜೋರ್ಡನ್ ಬೆಲ್ಸನ್ ಬೆಳಕು ನೋಡಿಕೊಂಡ. ಗುಮ್ಮಟದ ಸುತ್ತ ಮೂವತ್ತಕ್ಕೂ ಹೆಚ್ಚು ಸ್ಪೀಕರ್‌ಗಳು. ಎಲೆಕ್ಟ್ರಾನಿಕ್ ಸಂಗೀತ ತಲೆಯ ಸುತ್ತ ಗಿರಗಿರನೆ ತಿರುಗುತ್ತಿತ್ತು. ಪೂರ್ತಿ ಕತ್ತಲು, ಪರದೆಗೆ ಅಂಚೇ ಇಲ್ಲ, ಬೆಳಕಿನ ಆಕಾರಗಳು ಶೂನ್ಯದಲ್ಲಿ ಹುಟ್ಟಿ ಶೂನ್ಯದಲ್ಲಿ ಮುಳುಗುತ್ತಿದ್ದವು. ಕಥೆ ಇಲ್ಲ, ಪಾತ್ರ ಇಲ್ಲ, ಮಾತಿಲ್ಲ. ಕಾಕತಾಳೀಯವೋ ಏನೋ, ‘ಸೈಕೆಡೆಲಿಕ್’ ಎಂಬ ಪದವನ್ನು ಮನೋವೈದ್ಯ ಹಂಫ್ರಿ ಆಸ್ಮಂಡ್ ಜನರ ಮುಂದಿಟ್ಟದ್ದೂ 1957ರಲ್ಲೇ. ಗ್ರೀಕ್ ಮೂಲದ ಆ ಪದಕ್ಕೆ ಮನಸ್ಸನ್ನು ತೆರೆದು ತೋರಿಸುವುದು ಅಂತ ಅರ್ಥ. ಹಿಪ್ಪಿಗಳ ಕಾಲ ಬರಲು ಇನ್ನೂ ಹತ್ತು ವರ್ಷವಿತ್ತು.

ತಾರಾಲಯದ ಬಾಗಿಲು ಮುಚ್ಚಿದ ಮೇಲೆ ಬೆಲ್ಸನ್ ತನ್ನ ಪುಟ್ಟ ಸ್ಟುಡಿಯೋದಲ್ಲಿ ಕೂತು ಸಿನಿಮಾ ಮಾಡಿದ. ‘ಅಲ್ಯೂರ್ಸ್’ (1961) ಎಂಟು ನಿಮಿಷವೂ ಇಲ್ಲ. ಚುಕ್ಕಿಗಳು, ಉಂಗುರಗಳು, ಸುರುಳಿಗಳು ಒಂದರೊಳಗೊಂದು ಸೇರುತ್ತ, ಬಿಡುತ್ತ ಹೋಗುತ್ತವೆ. ನೋಡುತ್ತ ನೋಡುತ್ತ ಇದು ಅಣುವಿನ ಒಳಗೋ ನಕ್ಷತ್ರಗಳ ನಡುವೆಯೋ ಅಂತ ಗೊತ್ತಾಗುವುದಿಲ್ಲ. ‘ರೀ-ಎಂಟ್ರಿ’ (1964) ಚಿತ್ರಕ್ಕೆ ಜಾನ್ ಗ್ಲೆನ್‌ನ ಬಾಹ್ಯಾಕಾಶ ಯಾನವೂ ಟಿಬೆಟನ್ನರ ಮರಣಾನಂತರದ ಕಲ್ಪನೆಯೂ ಪ್ರೇರಣೆ. 1967ರ ಚಿತ್ರದ ಹೆಸರು ‘ಸಮಾಧಿ’. ಹೌದು, ನಮ್ಮ ಸಮಾಧಿಯೇ; ಗೋರಿಯ ಅರ್ಥದ್ದಲ್ಲ, ಯೋಗದ್ದು. ಬೆಲ್ಸನ್ ಯೋಗಾಭ್ಯಾಸಿಯಾಗಿದ್ದ. 2011ರಲ್ಲಿ ಅವನು ತೀರಿಕೊಂಡ. ಅದೇ ವರ್ಷ ‘ಅಲ್ಯೂರ್ಸ್’ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಸೇರಿತು.

ಅದೇ ಕ್ಯಾಲಿಫೋರ್ನಿಯಾದ ಇನ್ನೊಬ್ಬ ಜೇಮ್ಸ್ ವಿಟ್ನಿ. ರಟ್ಟಿನ ಹಾಳೆಗಳಿಗೆ ಒಂದೊಂದಾಗಿ ಸೂಜಿರಂಧ್ರ ಮಾಡಿ, ವರ್ಷಗಟ್ಟಲೆ ಕೂತು ‘ಯಂತ್ರ’ (1957) ಎಂಬ ಚಿತ್ರ ಮಾಡಿದ. ಪೂಜೆಯ ಮನೆಯ ಯಂತ್ರ, ಕಾರ್ಖಾನೆಯದ್ದಲ್ಲ. ಅವನ ‘ಲ್ಯಾಪಿಸ್’ (1966) ಇನ್ನೂ ವಿಚಿತ್ರ. ಎರಡನೇ ಮಹಾಯುದ್ಧದಲ್ಲಿ ವಿಮಾನ ಹೊಡೆದುರುಳಿಸಲು ಗುರಿ ಲೆಕ್ಕ ಹಾಕುತ್ತಿದ್ದ ಉಪಕರಣವನ್ನು ಗುಜರಿಗೆ ಕೊಂಡು ಅವನ ಅಣ್ಣ ಜಾನ್ ವಿಟ್ನಿ ಅನಿಮೇಷನ್ ಮಾಡುವ ಗಣಕವನ್ನಾಗಿ ಬದಲಿಸಿದ್ದ. ಅದೇ ಯಂತ್ರದಿಂದ ಹೊರಬಂದದ್ದು ಸಾವಿರಾರು ಚುಕ್ಕಿಗಳ ಮಂಡಲ, ಹಿನ್ನೆಲೆಯಲ್ಲಿ ಸಿತಾರ್. ಕೊಲ್ಲುವ ಲೆಕ್ಕ ರಂಗೋಲಿ ಆಯಿತು.

ಚಿತ್ರದೊಳಗೆ ಯಾರಿದ್ದಾರೆ?

ಈಗ ಎರಡನ್ನೂ ಪಕ್ಕಪಕ್ಕ ಇಡೋಣ. ಎರಡೂ ಕಡೆ ಒಂದೇ ಸಾಮಾನು: ಅಳತೆ ಮೀರಿದ ಆಕಾಶ, ಹೆಸರಿಲ್ಲದ ಬಣ್ಣ, ಕರಗುವ ‘ನಾನು’. ಹಾಗಿದ್ದರೆ ಒಂದರಲ್ಲಿ ಎದೆ ಯಾಕೆ ಝಲ್ ಅನ್ನುತ್ತದೆ, ಇನ್ನೊಂದರಲ್ಲಿ ಯಾಕೆ ಹಗುರಾಗುತ್ತದೆ?

ನನಗೆ ಹೊಳೆದ ಉತ್ತರ ಸರಳ. ಚಿತ್ರದೊಳಗೆ ಒಬ್ಬ ಮನುಷ್ಯ ಇದ್ದಾನೋ ಇಲ್ಲವೋ ನೋಡಿ. ಇದ್ದರೆ ಭಯ, ತೆಗೆದರೆ ಬೆರಗು.

ಸ್ಟಾನ್ಲಿ ಕುಬ್ರಿಕ್‌ನ ‘2001: ಎ ಸ್ಪೇಸ್ ಒಡಿಸ್ಸಿ’ (1968) ನೋಡಿದ್ದೀರಾ? ಕೊನೆಯಲ್ಲಿ ಗಗನಯಾತ್ರಿ ಬೋಮನ್ ಬೆಳಕಿನ ಸುರಂಗದೊಳಗೆ ಧಾವಿಸುವ ದೃಶ್ಯ. ಡಗ್ಲಸ್ ಟ್ರಂಬುಲ್ ಅದನ್ನು ಮಾಡಿದ್ದು ಜಾನ್ ವಿಟ್ನಿಯ ಕೆಲಸದಿಂದ ಪ್ರೇರಣೆ ಪಡೆದು: ಕಪ್ಪು ಹಲಗೆಯಲ್ಲೊಂದು ಸೀಳು, ಅದರ ಹಿಂದೆ ಸರಿಯುವ ಬಣ್ಣದ ಚಿತ್ರ, ಷಟರ್ ತೆರೆದಿಟ್ಟುಕೊಂಡೇ ಸೀಳಿನತ್ತ ಚಲಿಸುವ ಕ್ಯಾಮೆರಾ. ಬರೀ ಆ ಬಣ್ಣಗಳನ್ನಷ್ಟೇ ನೋಡಿದರೆ ಅದು ಅಪ್ಪಟ ಸೈಕೆಡೆಲಿಕ್ ಚಿತ್ರ. ಕುಬ್ರಿಕ್ ಅದರ ನಡುನಡುವೆ ಬೋಮನ್‌ನ ಮುಖವನ್ನು ತೋರಿಸುತ್ತಾನೆ, ಬಾಯಿ ತೆರೆದು, ಅಲ್ಲಾಡದೆ ಹೆಪ್ಪುಗಟ್ಟಿದ ಮುಖ. ಆ ಮುಖ ಬಂದಾಗಲೆಲ್ಲ ಅದೇ ಬಣ್ಣ ನಮ್ಮನ್ನು ಹೆದರಿಸುತ್ತದೆ.

ಇನ್ನೊಂದು ಸಾಕ್ಷಿ ಬೆಲ್ಸನ್‌ನದೇ. 1977ರ ‘ಡೀಮನ್ ಸೀಡ್’ ಎಂಬ ಚಿತ್ರದಲ್ಲಿ ಒಂದು ಕಂಪ್ಯೂಟರ್ ಹೆಂಗಸೊಬ್ಬಳನ್ನು ಅವಳದೇ ಮನೆಯಲ್ಲಿ ಬಂಧಿಸುತ್ತದೆ. ಆ ಕಂಪ್ಯೂಟರಿನ ಒಳಮನಸ್ಸನ್ನು ತೋರಿಸಲು ಬಳಸಿದ್ದು ಬೆಲ್ಸನ್‌ನ ಚಿತ್ರಿಕೆಗಳನ್ನು. ‘ಸಮಾಧಿ’ ಮಾಡಿದ ಕೈಯೇ, ಅದೇ ಬೆಳಕೇ. ಎದುರಿಗೆ ತಪ್ಪಿಸಿಕೊಳ್ಳಲಾಗದ ಒಬ್ಬಳಿದ್ದಾಳೆ ಅನ್ನುವುದಷ್ಟೇ ವ್ಯತ್ಯಾಸ.

ಲವ್‌ಕ್ರಾಫ್ಟ್‌ನ ‘ದಿ ಕಲರ್ ಔಟ್ ಆಫ್ ಸ್ಪೇಸ್’ (1927) ಕಥೆಯಲ್ಲಿ ಒಂದು ತೋಟಕ್ಕೆ ಉಲ್ಕೆ ಬೀಳುತ್ತದೆ, ಅದರಿಂದ ಯಾವ ವರ್ಣಪಟಲಕ್ಕೂ ಸೇರದ ಬಣ್ಣವೊಂದು ಹೊರಬಂದು ಬೆಳೆ, ದನ, ಕೊನೆಗೆ ಮನೆಯವರನ್ನೂ ಹೀರುತ್ತದೆ. ಇಲ್ಲದ ಬಣ್ಣವನ್ನು ಸಿನಿಮಾದಲ್ಲಿ ತೋರಿಸುವುದು ಹೇಗೆ? ನಿಕೋಲಸ್ ಕೇಜ್ ನಟಿಸಿದ 2019ರ ಚಿತ್ರ ಅದಕ್ಕೆ ಕಡುಗುಲಾಬಿ ಬೆರೆತ ನೇರಳೆ, ಅಂದರೆ ಮಜೆಂಟಾ, ಬಳಸಿದೆ. ಜಾಣ ಆಯ್ಕೆ. ಮಜೆಂಟಾ ಕಾಮನಬಿಲ್ಲಿನಲ್ಲಿ ಇಲ್ಲವೇ ಇಲ್ಲ. ಅದಕ್ಕೆ ತನ್ನದೇ ತರಂಗಾಂತರವಿಲ್ಲ. ಕೆಂಪು-ನೀಲಿ ಒಟ್ಟಿಗೆ ಕಣ್ಣಿಗೆ ಬಿದ್ದಾಗ ಮಿದುಳು ಕಟ್ಟಿಕೊಳ್ಳುವ ಬಣ್ಣ ಅದು. ಚಿತ್ರದ ಕೊನೆಯ ಭಾಗದಲ್ಲಿ ಅದು ಪರದೆ ತುಂಬ ಉಕ್ಕುವಾಗ ಎಷ್ಟು ಚಂದ ಅಂದರೆ, ಅಡುಗೆಮನೆಯಲ್ಲಿ ನಿಂತಿರುವ ಆ ಕುಟುಂಬ ಇಲ್ಲದೇ ಹೋಗಿದ್ದರೆ ನಾವು ಚಪ್ಪಾಳೆ ತಟ್ಟುತ್ತಿದ್ದೆವು.

ಈ ಮಾತು ನಮಗೆ ಹೊಸದೂ ಅಲ್ಲ. ಭಗವದ್ಗೀತೆಯ 11ನೇ ಅಧ್ಯಾಯದಲ್ಲಿ ಅರ್ಜುನ ಕೇಳಿ ಪಡೆದು ವಿಶ್ವರೂಪ ನೋಡುತ್ತಾನೆ. ನೋಡಿ ನಡುಗುತ್ತಾನೆ, ಸಾಕು, ಮೊದಲಿನ ರೂಪ ತೋರಿಸು ಅಂತ ಬೇಡಿಕೊಳ್ಳುತ್ತಾನೆ. ಅದೇ ರೂಪವನ್ನು ಕಂಡವನು ಇನ್ನೊಬ್ಬನಿದ್ದಾನೆ, ಸಂಜಯ. ಅವನು ಕೊನೆಯ ಅಧ್ಯಾಯದಲ್ಲಿ ಅದನ್ನು ನೆನೆನೆನೆದು ಹಿಗ್ಗುತ್ತೇನೆ ಅನ್ನುತ್ತಾನೆ. ರೂಪ ಒಂದೇ. ಒಬ್ಬ ರಣರಂಗದೊಳಗೆ ನಿಂತಿದ್ದ, ಇನ್ನೊಬ್ಬ ದೂರದಲ್ಲಿ ಕೂತು ನೋಡುತ್ತಿದ್ದ.

ಭೂತ ಅಥವಾ ಗುರು

ಪ್ರಾವಿಡೆನ್ಸ್‌ನಲ್ಲಿ ಆ ಸಂಜೆ ಇನ್ನೊಂದು ಸಣ್ಣ ಘಟನೆ ನಡೆಯಿತು. ಕಥೆಗಳಲ್ಲಿ ಬರುವಂಥ ಒಂದು ಹಳೇ ಮನೆಯ ಎದುರು, ಫುಟ್‌ಪಾತಿನಲ್ಲಿ ನಿಂತು ಫೋಟೋ ತೆಗೆಯುತ್ತಿದ್ದೆ. ಪಕ್ಕದ ಮನೆಯ ಕರ್ಟನ್ ಸರಿಯಿತು, ಬಾಗಿಲು ತೆರೆಯಿತು, ವಯಸ್ಸಾದ ಹೆಂಗಸೊಬ್ಬರು ಹೊರಗೆ ಬಂದು ‘ಏನಾದ್ರೂ ಸಹಾಯ ಬೇಕಿತ್ತಾ?’ ಅಂದರು. ಅಮೆರಿಕದಲ್ಲಿ ಇದ್ದವರಿಗೆ ಗೊತ್ತು, ಆ ದನಿಯಲ್ಲಿ ಕೇಳಿದಾಗ ಅದರರ್ಥ ಸಹಾಯ ಅಲ್ಲ, ‘ನಿನಗಿಲ್ಲೇನು ಕೆಲಸ’ ಅಂತ. ಪ್ರವಾಸಿಗರ ಕಾಟಕ್ಕೆ ರೋಸಿರಬಹುದು, ಪಾಪ. ಆದರೆ ನನ್ನಿಂದ ಹತ್ತು ಹೆಜ್ಜೆ ಆಚೆ ಅದೇ ಮನೆಯ ಫೋಟೋ ತೆಗೆಯುತ್ತಿದ್ದ ಬಿಳಿಯ ಜೋಡಿಯನ್ನು ಅವರು ಕೇಳಲಿಲ್ಲ.

ಲವ್‌ಕ್ರಾಫ್ಟ್ ಬಗ್ಗೆ ಬರೆದು ಈ ವಿಷಯ ಬಿಡುವಂತಿಲ್ಲ. ಅವನ ಪತ್ರಗಳಲ್ಲಿ, ಕಥೆಗಳಲ್ಲಿ ಕಪ್ಪು ಜನರ, ವಲಸೆ ಬಂದವರ ಬಗ್ಗೆ ಅಸಹ್ಯ ತುಂಬಿದೆ. 1924ರಿಂದ 26ರವರೆಗೆ ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿದ್ದಾಗ ಬೀದಿಯ ತುಂಬ ಹತ್ತು ದೇಶದ ಮುಖಗಳನ್ನು ಕಂಡು ಬೆದರಿ ‘ದಿ ಹಾರರ್ ಅಟ್ ರೆಡ್ ಹುಕ್’ ಬರೆದ. ವಿಪರ್ಯಾಸ ನೋಡಿ, ಆಗ ಅವನ ಹೆಂಡತಿ ಸೋನಿಯಾ ಗ್ರೀನ್ ಉಕ್ರೇನಿನಲ್ಲಿ ಹುಟ್ಟಿ ವಲಸೆ ಬಂದ ಯಹೂದಿ. ಗಡೀಪಾರಾದವನೊಬ್ಬ ಕಟ್ಟಿದ ಊರಿನ ಮಗನಿಗೆ ಹೊರಗಿನವರೇ ರಾಕ್ಷಸರಾದರು. ವರ್ಲ್ಡ್ ಫ್ಯಾಂಟಸಿ ಪ್ರಶಸ್ತಿಯ ಪ್ರತಿಮೆ ಬಹುಕಾಲ ಲವ್‌ಕ್ರಾಫ್ಟ್‌ನ ತಲೆಯ ಆಕಾರದಲ್ಲಿತ್ತು. 2011ರಲ್ಲಿ ಅದನ್ನು ಗೆದ್ದ ನೈಜೀರಿಯಾ ಮೂಲದ ಲೇಖಕಿ ನೆಡಿ ಒಕೊರಾಫರ್, ಈ ತಲೆಯನ್ನು ಮನೆಯಲ್ಲಿ ಇಟ್ಟುಕೊಳ್ಳುವ ಇಕ್ಕಟ್ಟಿನ ಬಗ್ಗೆ ಬರೆದರು. 2015ರಲ್ಲಿ ಆ ಪ್ರತಿಮೆಯನ್ನು ಕೈಬಿಡುವ ನಿರ್ಧಾರವಾಯಿತು. ಮರುವರ್ಷ ವಿಕ್ಟರ್ ಲವಾಲ್ ಎಂಬ ಕಪ್ಪು ಲೇಖಕ ರೆಡ್ ಹುಕ್ ಕಥೆಯನ್ನೇ ತಿರುಗಿಸಿ, ಕಪ್ಪು ಯುವಕನನ್ನು ನಡುವೆ ನಿಲ್ಲಿಸಿ ‘ದಿ ಬ್ಯಾಲಡ್ ಆಫ್ ಬ್ಲ್ಯಾಕ್ ಟಾಮ್’ ಬರೆದ.

ಅಮೆರಿಕದ ತೆರಿಗೆ ನಿಯಮದ ಭಾಷೆಯಲ್ಲಿ ನಾನು ‘ರೆಸಿಡೆಂಟ್ ಏಲಿಯನ್’. ಇಲ್ಲೇ ನೆಲೆಸಿರುವ ಅನ್ಯಜೀವಿ! ಪ್ರತಿ ಏಪ್ರಿಲ್‌ನಲ್ಲಿ ಫಾರ್ಮ್ ತುಂಬುವಾಗ ನಗು ಬರುತ್ತದೆ. ಲವ್‌ಕ್ರಾಫ್ಟ್‌ನ ಕಥೆಯಲ್ಲಿ ನಾನಿದ್ದರೆ ಹೆದರುವವರ ಸಾಲಿನಲ್ಲಿ ಇರುತ್ತಿರಲಿಲ್ಲ, ಹೆದರಿಸುವುದರ ಸಾಲಿನಲ್ಲಿ ಇರುತ್ತಿದ್ದೆ.

ಹಾಗಂತ ಆನಂದದ ಕಡೆಯವರು ನನ್ನನ್ನು ಸರಿಯಾಗಿ ನೋಡಿದರಾ? ಸ್ಯಾನ್ ಫ್ರಾನ್ಸಿಸ್ಕೋದ ಊಟದ ಮೇಜಿನಲ್ಲಿ ಸಹೋದ್ಯೋಗಿಯೊಬ್ಬ ಬಲು ಪ್ರೀತಿಯಿಂದ, ‘ನೀನು ಇಂಡಿಯಾದವಳಲ್ವಾ, ಆಜ್ಞಾ ಚಕ್ರದ ಬಗ್ಗೆ ಹೇಳು’ ಅಂದ. ನನಗೆ ಗೊತ್ತಿದ್ದದ್ದು ಆ ದಿನ ಬೆಳಗ್ಗೆ ಕೆಟ್ಟು ಕೂತಿದ್ದ ಸರ್ವರ್ ಬಗ್ಗೆ ಮಾತ್ರ. ಮಂಡಲ, ಯಂತ್ರ, ಸಮಾಧಿ ಎಂಬ ಪದಗಳನ್ನು ಬೆಲ್ಸನ್, ವಿಟ್ನಿ ಶ್ರದ್ಧೆಯಿಂದಲೇ ತೆಗೆದುಕೊಂಡರು, ಅನುಮಾನವಿಲ್ಲ. ಆದರೆ ಆ ಅಲೆಯ ಬಾಲದಲ್ಲಿ ಬಂದ ಪೋಸ್ಟರು, ಟೀ-ಶರ್ಟು, ಆ್ಯಪ್‌ಗಳ ಲೋಕದಲ್ಲಿ ನಾವೆಲ್ಲ ಹುಟ್ಟಾ ಜ್ಞಾನಿಗಳು. ಒಬ್ಬರಿಗೆ ನಾನು ಭೂತ, ಇನ್ನೊಬ್ಬರಿಗೆ ಗುರು. ನಡುವಿನ ಮನುಷ್ಯಳು ಇಬ್ಬರಿಗೂ ಕಾಣಲಿಲ್ಲ. ಗುರುವಾಗಿರುವುದು ಭೂತವಾಗಿರುವುದಕ್ಕಿಂತ ಎಷ್ಟೋ ವಾಸಿ, ನಿಜ. ಬಾಡಿಗೆ ಮನೆ ಬೇಗ ಸಿಗುತ್ತದೆ.

ಲವ್‌ಕ್ರಾಫ್ಟ್‌ನನ್ನು ಪೂರ್ತಿ ಬಿಡಲು ನನಗೆ ಮನಸ್ಸಾಗದಿರುವುದಕ್ಕೆ ಒಂದು ಕಾರಣವಿದೆ. 1931ರಲ್ಲಿ ಬರೆದ ‘ದಿ ಶ್ಯಾಡೋ ಓವರ್ ಇನ್ಸ್‌ಮೌತ್’ನಲ್ಲಿ (ಓದದವರು ಮುಂದಿನ ಎರಡು ವಾಕ್ಯ ಬಿಟ್ಟುಬಿಡಿ) ಸಮುದ್ರದ ವಿಕಾರ ಜೀವಿಗಳಿಂದ ತಪ್ಪಿಸಿಕೊಂಡು ಓಡಿದ ನಾಯಕನಿಗೆ, ಕೊನೆಗೆ ತನ್ನ ರಕ್ತವೂ ಅವುಗಳದ್ದೇ ಅಂತ ಗೊತ್ತಾಗುತ್ತದೆ. ಅವನು ಹುಚ್ಚನಾಗುವುದಿಲ್ಲ; ಸಂತೋಷದಿಂದ ಸಮುದ್ರಕ್ಕೆ ಹೊರಡಲು ಸಿದ್ಧನಾಗುತ್ತಾನೆ. ಅಷ್ಟೆಲ್ಲ ಹೆದರಿದ ಬರಹಗಾರ ಅದೊಂದು ಕಡೆ, ಬೇಕೆಂದೋ ಕೈಮೀರಿಯೋ, ಬೇಲಿಯ ಆಚೆಗಿನಿಂದ ಬರೆದಿದ್ದಾನೆ. ಆ ಪುಟಗಳು ಹಾರರ್ ಆಗಿ ಶುರುವಾಗಿ ಸೈಕೆಡೆಲಿಕ್ ಆಗಿ ಮುಗಿಯುತ್ತವೆ.

ನೋಡುವುದಾದರೆ

ಪ್ರಾವಿಡೆನ್ಸ್‌ಗೆ ಅಕ್ಟೋಬರ್ ಒಳ್ಳೆಯ ಕಾಲ. ಕಾಲೇಜ್ ಹಿಲ್ ಕಡಿದಾಗಿದೆ, ಶೂ ಗಟ್ಟಿಯಿರಲಿ. ಬೆನಿಫಿಟ್ ಸ್ಟ್ರೀಟ್‌ನ ಹಳೇ ಗ್ರಂಥಾಲಯ ಪ್ರಾವಿಡೆನ್ಸ್ ಅಥೀನಿಯಮ್ ತಪ್ಪಿಸಬೇಡಿ. ಲವ್‌ಕ್ರಾಫ್ಟ್‌ನ ಎದೆಮಟ್ಟದ ಪ್ರತಿಮೆ ಅಲ್ಲಿದೆ. ಸ್ಯಾನ್ ಫ್ರಾನ್ಸಿಸ್ಕೋದ ಅಕಾಡೆಮಿಯಲ್ಲಿ ಗುರುವಾರ ರಾತ್ರಿ 21 ದಾಟಿದವರಿಗೆ ಮಾತ್ರ ಪ್ರವೇಶ. ಮಕ್ಕಳ ಜತೆ ಹೋಗುವವರು ಹಗಲು ಹೋಗಿ. ಊರಲ್ಲೇ ಇರುವವರು ಒಂದು ರಾತ್ರಿ ‘ಅಲ್ಯೂರ್ಸ್’ ಅಥವಾ ‘ಸಮಾಧಿ’ ನೋಡಿ, ಅದರ ಬೆನ್ನಿಗೇ 2019ರ ‘ಕಲರ್ ಔಟ್ ಆಫ್ ಸ್ಪೇಸ್’ ನೋಡಿ. ಫೋನಿನಲ್ಲಿ ನೋಡಿದರೂ ಪರವಾಗಿಲ್ಲ. ಲೈಟ್ ಆರಿಸಿ, ನೋಟಿಫಿಕೇಷನ್ ಬಂದ್ ಮಾಡಿ, ಕಿವಿಗೆ ಹೆಡ್‌ಫೋನ್ ಇರಲಿ. ಬೇರೆ ಯಾವ ಮತ್ತೂ ಬೇಡ, ಒಂದು ಲೋಟ ಕಾಫಿ ಸಾಕು.

ನಾನು ಶುಕ್ರವಾರ ಹಗಲು ಇನ್ನೊಮ್ಮೆ ಮಾರಿಸನ್ ತಾರಾಲಯಕ್ಕೆ ಹೋದೆ, ವಿಮಾನ ಸಂಜೆಗಿತ್ತು. ದೀಪ ಆರಿತು. ನಾವು ಕೂತಿದ್ದ ಕಟ್ಟಡದಿಂದಲೇ ಮೇಲೇರಿ ಊರು, ಭೂಮಿ, ಸೂರ್ಯ, ಆಕಾಶಗಂಗೆ ಎಲ್ಲ ಹಿಂದೆ ಸರಿದು ಚುಕ್ಕಿಯಾದವು. ಕುರ್ಚಿ ಕಾಲಡಿಯಿಂದ ಜಾರಿದ ಹಾಗೆ ಹೊಟ್ಟೆಯಲ್ಲಿ ಏನೋ ಕಲಕಿತು. ಲವ್‌ಕ್ರಾಫ್ಟ್ ಹುಡುಗನಾಗಿದ್ದಾಗ ಲ್ಯಾಡ್‌ನ ಗುಮ್ಮಟದ ಕೆಳಗೆ ಪಟ್ಟದ್ದು ಇದನ್ನೇ ಇರಬೇಕು. ವೋರ್ಟೆಕ್ಸ್‌ಗೆ ಬಂದವರು ದುಡ್ಡು ಕೊಟ್ಟು ಬಯಸಿದ್ದೂ ಇದನ್ನೇ.

ಆಗ ಯೋಚಿಸಿದೆ, ಅರ್ಜುನನ ವಿಷಯದಲ್ಲಿ ಒಂದು ಮಾತು ಬಿಟ್ಟುಹೋಗಿತ್ತು. ಅವನು ರಣರಂಗದೊಳಗೇ ಇದ್ದ, ಹೆದರಿದ, ಆದರೂ ಹುಚ್ಚನಾಗಲಿಲ್ಲ. ಯಾಕೆಂದರೆ ‘ಸಾಕು’ ಅನ್ನಲು ಅವನಿಗೊಬ್ಬ ಗೆಳೆಯನಿದ್ದ, ಆ ಗೆಳೆಯ ಮಾತು ಕೇಳಿದ. ಲವ್‌ಕ್ರಾಫ್ಟ್‌ನ ನಾಯಕರು ಬಹುತೇಕ ಒಬ್ಬಂಟಿಗಳು. ಹೆಂಡತಿ ಇಲ್ಲ, ಮಕ್ಕಳಿಲ್ಲ, ಫೋನ್ ಮಾಡಿ ಬೈಯುವ ಅಮ್ಮ ಇಲ್ಲ.

ನನ್ನ ಹಿಂದಿನ ಸಾಲಿನಲ್ಲಿ ನಾಲ್ಕೈದು ವರ್ಷದ ಮಗುವೊಂದು ಅಜ್ಜಿಯ ತೊಡೆಯ ಮೇಲಿತ್ತು. ಗೆಲಾಕ್ಸಿಗಳೆಲ್ಲ ಧೂಳಿನಂತೆ ಹರಡಿಕೊಂಡ ಹೊತ್ತಿಗೆ ಅದು ಗಟ್ಟಿಯಾಗಿ ಕೇಳಿತು: ‘ನಮ್ಮನೆ ಎಲ್ಲಿ?’

ಅಜ್ಜಿ ಕತ್ತಲಲ್ಲೇ ಕೈಯೆತ್ತಿ ಎತ್ತಲೋ ತೋರಿಸಿ, ‘ಅಲ್ಲೇ, ಅದೋ ಅಲ್ಲಿ’ ಅಂದರು. ಅಲ್ಲೇನೂ ಇರಲಿಲ್ಲ. ‘ಹ್ಞೂಂ’ ಅಂದಿತು ಮಗು, ಮತ್ತೆ ತಲೆಯೆತ್ತಿ ನೋಡತೊಡಗಿತು.